ರೇಷನ್ ಗಾಡಿಯ ಸಾಕ್ಷಿ

ರನ್ನ ಬೆಳಗಲಿ
6 ಫೆಬ್ರುವರಿ 2023

ಸುಬೇದಾರ ಪರಸಪ್ಪನವರಿಗೆ,

ನಿಮ್ಮ ಕ್ಷೇಮ ಕೇಳಲು ಈ ಕಾಗದ ಬರೆಯುತ್ತಿಲ್ಲ. ಪಠಾಣಕೋಟದಲ್ಲಿ, ನೀವಿನ್ನೂ ಹವಾಲ್ದಾರರಾಗಿದ್ದಾಗ, ನಿಮ್ಮ ಕೈಕೆಳಗೆ ಸಿಪಾಯಿಯಾಗಿದ್ದ ಪಾಂಡಪ್ಪ ನಾನು. 2008ರ ಚಳಿಗಾಲದಲ್ಲಿ ನೀವು ಓಡಿಸುತ್ತಿದ್ದ ರೇಷನ್ ಗಾಡಿ ಪಲ್ಟಿಯಾದಾಗ ಹಿಂದೆ ಅಕ್ಕಿ ಮೂಟೆಗಳ ನಡುವೆ ಕೂತಿದ್ದವನು. ನನ್ನ ಗದ್ದ ಗಾಡಿಯ ಹಿಂಬದಿಯ ಕಬ್ಬಿಣಕ್ಕೆ ಬಡಿದು, ಎರಡೂ ಕಿವಿಗಳ ಮುಂದಿನ ದವಡೆ ಕೀಲು ಮುರಿಯಿತು. ಇದಿಷ್ಟು ನಿಮಗೆ ನೆನಪಿರಲೇಬೇಕು.

ಈಗ ನನ್ನ ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತದೆ. ಆಕಳಿಕೆ ಬಂದರೆ ಹೆದರಿಕೆ. ಒಮ್ಮೊಮ್ಮೆ ದವಡೆ ಅಲ್ಲೇ ಸಿಕ್ಕಿಬಿದ್ದು ನನ್ನ ಹೆಂಡತಿ ಲಗಮವ್ವ ಬಿಸಿನೀರಿನ ಬಟ್ಟೆ ಇಟ್ಟು ತೀಡಬೇಕು. ರೊಟ್ಟಿಯನ್ನು ಹಾಲಿನಲ್ಲಿ ಕರಗಿಸಿ ಕುಡಿಯುತ್ತೇನೆ. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಕಿವಿಯೊಳಗೆ ಕಟಕ್ಕೆನ್ನುತ್ತದೆ, ನೋವು ನೆತ್ತಿಗೆ ಏರುತ್ತದೆ. ಫೋನ್ ಬಿಟ್ಟು ಕಾಗದ ಬರೆಯುತ್ತಿರುವುದು ಅದಕ್ಕೇ.

ಅಂಗವಿಕಲತೆಯ ಪಿಂಚಣಿ ಬೇಡಿ ಬೇಡಿ ಸಾಕಾಗಿತ್ತು. ಪ್ರತಿ ಸಲವೂ ಒಂದೇ ಉತ್ತರ: 'ಗಾಯ ಕರ್ತವ್ಯದಲ್ಲಾದದ್ದಲ್ಲ.' ಯಾಕೆ ಎಂದು ನನಗೆ ತಿಳಿದಿರಲಿಲ್ಲ. ಬನಹಟ್ಟಿಯ ನಗರಸಭೆಯಲ್ಲಿ ಕೆಲಸಕ್ಕಿರುವ ನನ್ನ ಮಗಳು ಭಾಗ್ಯಾ ಅರ್ಜಿ ಹಾಕಿ ಆ ಅಪಘಾತದ ಹಳೆಯ ವಿಚಾರಣೆಯ ಕಾಗದಗಳನ್ನು ತರಿಸಿದಳು. ಓದಿದಳು. ಅದರಲ್ಲಿ ನನ್ನ ಹೆಸರಿನದೇ ಒಂದು ಹೇಳಿಕೆಯಿತ್ತು.

ಆಸ್ಪತ್ರೆಯಲ್ಲಿ ನನ್ನ ಬಾಯಿಗೆ ತಂತಿ ಕಟ್ಟಿದ್ದರು. ನಾನು ನಡೆದದ್ದನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಅಲ್ಲಿ ಕನ್ನಡ ಬಲ್ಲವರು ನೀವೊಬ್ಬರೇ. "ನಾನ ಹೇಳಿ ಇಂಗ್ಲಿಷಿನಾಗ ಟೈಪ್ ಮಾಡಿಸಿಕೊಂಡ ಬರ್ತೇನಿ, ನೀ ಮಲಕೋ" ಎಂದು ಒಯ್ದಿರಿ. ನಾನು ಬರೆದದ್ದು: ರೇಷನ್ ಡ್ಯೂಟಿಯಲ್ಲಿದ್ದೆ, ಹವಾಲ್ದಾರರು ಧಾಬಾದ ಮುಂದೆ ಗಾಡಿ ನಿಲ್ಲಿಸಿ ಕುಡಿದರು, ತಿರುವಿನಲ್ಲಿ ಗಾಡಿ ಬಿತ್ತು. ನೀವು ಟೈಪ್ ಮಾಡಿಸಿದ್ದು: ನನಗೆ ಅಂದು ರಜೆ, ಸಾರಾಯಿ ತರಲು ನಾನೇ ಕಾಡಿಬೇಡಿ ಗಾಡಿ ಹತ್ತಿದೆ, ಬ್ರೇಕ್ ಕೈಕೊಟ್ಟಿತು. ಕೆಳಗೆ ನನ್ನ ಸಹಿ. ಔಷಧದ ಮಂಪರಿನಲ್ಲಿ ಹಾಕಿದ ಸಹಿ.

ಜಮಖಂಡಿಯ ವಕೀಲರು ಸಂಧ್ಯಾ ಅವರು ಬೆಂಗಳೂರಿನ ಸೇನಾ ನ್ಯಾಯಮಂಡಳಿಯಲ್ಲಿ ದಾವೆ ಹೂಡುತ್ತಿದ್ದಾರೆ. ನೀವು ಅಲ್ಲಿ ಪ್ರಮಾಣ ಮಾಡಿ ನಿಜ ಹೇಳಬೇಕು. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಪಾಂಡಪ್ಪ


ಬಾಡಗಂಡಿ
27 ಫೆಬ್ರುವರಿ 2023

ತಮ್ಮಾ ಪಾಂಡಪ್ಪ,

ನಿನ್ನ ಕಾಗದ ನೋಡಿ ಜೀವಕ್ಕೆ ಬಹಳ ಕಷ್ಟವಾಯಿತು. ನಿನಗೆ ಇಷ್ಟು ತ್ರಾಸು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಫೋನ್ ಮಾಡಿದರೆ ನಿನ್ನ ಹೆಂಡತಿ ಎತ್ತಿ, "ಅವರಿಗೆ ಮಾತಾಡಾಕ ಆಗಂಗಿಲ್ರಿ, ಬರದ ಕಳಸ್ರಿ" ಎಂದು ಇಟ್ಟುಬಿಟ್ಟಳು. ಎಲ್ಲವನ್ನೂ ಕಾಗದದಲ್ಲಿ ಬರೆಯಲು ಬರುವುದಿಲ್ಲ, ತಮ್ಮಾ. ಎದುರು ಕೂತು ಚಹಾ ಕುಡಿಯುತ್ತ ಆಡುವ ಮಾತುಗಳಿವು.

ಆ ಕಾಲದಲ್ಲಿ ಕ್ಲರ್ಕ್ ಏನು ಕೇಳಿಸಿಕೊಂಡನೋ, ಏನು ಟೈಪ್ ಮಾಡಿದನೋ. ಇಷ್ಟು ವರ್ಷದ ಮೇಲೆ ಹೇಗೆ ಹೇಳುವುದು? ವಕೀಲರಿಗೆ ಕೆಲಸ ಬೇಕು, ಅದಕ್ಕೇ ನಿನ್ನ ತಲೆಯಲ್ಲಿ ಹುಳ ಬಿಟ್ಟಿದ್ದಾರೆ.

ಇಲ್ಲಿಯ ಸಕ್ಕರೆ ಕಾರ್ಖಾನೆಗೆ ಕಾವಲಿನವರನ್ನು ಕಳಿಸುವ ಗುತ್ತಿಗೆ ನನ್ನದೇ. ನಿನಗೆ ಗೇಟಿನಲ್ಲಿ ಕುರ್ಚಿ ಹಾಕಿಸುತ್ತೇನೆ. ಮಾತಾಡುವ ಕೆಲಸವಲ್ಲ, ಸುಮ್ಮನೆ ಕೂತರಾಯಿತು. ಈ ವರ್ಷ ಮಾಜಿ ಸೈನಿಕರ ಸಂಘಕ್ಕೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ಆಗಸ್ಟಿನಲ್ಲಿ ಜಮಖಂಡಿಯಲ್ಲಿ ಸನ್ಮಾನವಿದೆ. ನೀನೂ ಬಾ, ನಿನಗೂ ಒಂದು ಶಾಲು ಹಾಕಿಸೋಣ.

ನಿನ್ನ ಅಣ್ಣ,
ಪರಸಪ್ಪ


ರನ್ನ ಬೆಳಗಲಿ
5 ಮಾರ್ಚ್ 2023

ಪರಸಪ್ಪನವರಿಗೆ,

ಬಾಯಿ ಬಿಡಲಾರದವನಿಗೆ ಸುಮ್ಮನೆ ಕೂರುವ ಕೆಲಸ. ಅದೂ ನಿಮ್ಮ ಗೇಟಿನಲ್ಲಿ, ನೀವು ಕಾರಿನಲ್ಲಿ ಬಂದಾಗಲೆಲ್ಲ ಎದ್ದು ಸೆಲ್ಯೂಟ್ ಹೊಡೆಯಲು. ನಿಮ್ಮ ಕಾಗದವನ್ನು ಲಗಮವ್ವನಿಗೆ ಓದಿ ತೋರಿಸಿದೆ. ಅವಳು ಅಂದಳು: "ಇಂವಾ ನಿಮ್ಮ ದವಡಿ ಮುರದ, ಈಗ ಮಾರಿಗೆ ಉಗಳತಾನ. ಇನ್ನೂ 'ನೀವು' ಅಂತ ಬರೀತೀರಿ?"

ಬರೆಯುತ್ತೇನೆ. ನಿಮ್ಮ ಮೇಲಿನ ಮರ್ಯಾದೆಯಿಂದಲ್ಲ, ಸಿಟ್ಟು ಆರಬಾರದೆಂದು.

ನನ್ನ ಮನಸ್ಸಿನಲ್ಲಿರುವುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಪಿಂಚಣಿ ನನಗೆ ಬೇಕು, ಅದು ನನ್ನ ಹಕ್ಕು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಮಂದಿಯ ಮುಂದೆ ನೀವು ಬಾಯಿ ತೆರೆದು, ಮಾತು ಹೊರಡದೆ ನಿಲ್ಲುವುದನ್ನು ನಾನು ನೋಡಬೇಕು. ಮಗಳ ಮದುವೆಯಲ್ಲಿ ಬೀಗರು ಕೈಯಲ್ಲಿ ಉಂಡೆ ಹಿಡಿದು, "ಬಾಯಿ ತಗೀರಿ ಮಾವಾರ" ಎಂದು ನಗುತ್ತಿದ್ದಾಗ ನಾನು ಹಾಗೆ ನಿಂತಿದ್ದೆ. ಆ ನಗೆ ನಿಮಗೂ ಕೇಳಿಸಬೇಕು.

ನೀವೂ ಬೀರಪ್ಪನ ಒಕ್ಕಲು, ನಾನೂ ಬೀರಪ್ಪನ ಒಕ್ಕಲು. ನಮ್ಮೂರ ಗುಡಿಗೆ ಬನ್ನಿ. ದೇವರ ಭಂಡಾರದ ಅರಿಸಿನ ಮುಟ್ಟಿ, 'ಟೈಪ್ ಮಾಡಿಸಿದ್ದೇ ಖರೆ' ಎಂದು ಹೇಳಿ. ಹೇಳಿದರೆ ದಾವೆಯಿಂದ ನಿಮ್ಮ ಹೆಸರು ತೆಗೆಸುತ್ತೇನೆ. ಮೇ ಹದಿನಾರಕ್ಕೆ ಬೆಳಗಾವಿಯಲ್ಲಿ ನನ್ನ ದವಡೆ ಕೀಲಿನ ಆಪರೇಷನ್ ಇದೆ. ಮೇ ತಿಂಗಳೆಲ್ಲ ಅಲ್ಲೇ. ಹಾಗಾಗಿ ಜೂನ್ ಅಮಾವಾಸ್ಯೆಗೆ ಬನ್ನಿ.

ಬರದಿದ್ದರೆ ಆಗಸ್ಟಿನಲ್ಲಿ ಜಮಖಂಡಿಗೆ ನಾನೇ ಬರುತ್ತೇನೆ. ಶಾಲು ಹೊದೆಯಲು ಅಲ್ಲ. ಆ ಹೇಳಿಕೆಯನ್ನು ಎದೆಗೆ ಅಂಟಿಸಿಕೊಂಡು ನಿಮ್ಮ ವೇದಿಕೆಯ ಮುಂದೆ ನಿಲ್ಲುತ್ತೇನೆ. ನಾನು ಮಾತಾಡಬೇಕಾಗಿಲ್ಲ, ಓದಲು ಬರುವವರು ಓದುತ್ತಾರೆ.

ಪಾಂಡಪ್ಪ


ಬಾಡಗಂಡಿ
22 ಏಪ್ರಿಲ್ 2023

ಪಾಂಡಪ್ಪ,

ಉತ್ತರ ತಡವಾಯಿತು. ಮೊದಲು ಸಿಟ್ಟು ಬಂದಿತ್ತು, ನಿಜ. ನನ್ನಂಥವನಿಗೆ ಸಿಪಾಯಿಯೊಬ್ಬ ಹೀಗೆ ಬರೆಯುವುದೇ ಎಂದು ಎರಡು ಸಲ ಕಾಗದ ಹರಿಯಲು ಹೋದೆ. ಆಮೇಲೆ ಬೀರಪ್ಪನನ್ನು ನೆನೆದೆ.

ಗುಡಿಗೆ ಬರುತ್ತೇನೆ. ದೇವರ ಮುಂದೆ ಏನು ಹೇಳಬೇಕೋ ಅದನ್ನೇ ಹೇಳುತ್ತೇನೆ. ನಿನ್ನ ಆಪರೇಷನ್ ಸುರಳೀತವಾಗಲಿ. ಮನಸ್ಸು ಹಗುರ ಮಾಡಿಕೊಂಡು ಹೋಗು, ಹಿಂದಿನದರ ಚಿಂತೆ ನನಗಿರಲಿ.

ಪರಸಪ್ಪ


ಬೆಳಗಾವಿ
2 ಜೂನ್ 2023

ಪರಸಪ್ಪ,

ಇನ್ನು ನಿನಗೆ 'ನೀವು' ಇಲ್ಲ.

ನಾನು ಇಲ್ಲಿ ಬಾಯಿಗೆ ಮತ್ತೆ ತಂತಿ ಕಟ್ಟಿಸಿಕೊಂಡು ಕೊಳವೆಯಲ್ಲಿ ಗಂಜಿ ಹೀರುತ್ತ ಮಲಗಿದ್ದಾಗ, ನೀನು ಮೇ ಅಮಾವಾಸ್ಯೆಗೇ ನಮ್ಮೂರ ಗುಡಿಗೆ ಹೋದೆಯಂತೆ. ಜೂನ್ ಎಂದು ಬರೆದಿದ್ದೆನಲ್ಲ? ನಾನು ಊರಲ್ಲಿ ಇರುವುದಿಲ್ಲವೆಂದು ನಾನೇ ತಿಳಿಸಿದ್ದೆ. ಅದನ್ನೇ ಹಿಡಿದುಕೊಂಡೆ.

ಲಗಮವ್ವ ನನ್ನ ಬಳಿ ಇದ್ದಳು. ಗುಡಿಯಲ್ಲಿ ಕೂತು ನೋಡಿದವಳು ಭಾಗ್ಯಾ. ಅವಳೇ ಬಂದು ಹೇಳಿದಳು.

ಭಂಡಾರ ಮುಟ್ಟಿ ನೀನು ಸುಳ್ಳು ಹೇಳಲಿಲ್ಲ. ಅಷ್ಟರ ಮಟ್ಟಿಗೆ ನಿನಗೆ ದೇವರ ಭಯವಿದೆ. ಧಾಬಾದಲ್ಲಿ ಕುಡಿದೆ ಅಂದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಅಲ್ಲೇ ಕೂತಿದ್ದೆ ಅಂದೆ. ಕುಡಿದ ಕೈಯಿಂದ ಗಾಡಿ ಓಡಿಸಿದೆ, ತಪ್ಪನ್ನು ಪಾಂಡಪ್ಪನ ತಲೆಗೆ ಕಟ್ಟಿದೆ ಅಂದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ತಂತಿ ಕಟ್ಟಿದ ಬಾಯಲ್ಲೇ ನಗುತ್ತಿದ್ದೆ. ಆದರೆ ನೀನು ಅಳುತ್ತ ಮುಂದುವರಿಸಿದೆ: "ಅದ ದಿನಾ ನನ್ನ ಹೇಣತಿ ಹೊಟ್ಟ್ಯಾಗಿನ ಕೂಸು ಹೋತು. ಬೀರಪ್ಪ ಅವತ್ತ ನನಗ ಶಿಕ್ಷಾ ಕೊಟ್ಟಾನ. ಇವತ್ತ ನಿಮ್ಮ ಪಾದಕ್ಕ ಬಿದ್ದೇನಿ."

ಅಲ್ಲಿಗೆ ಮಂದಿ ಕರಗಿತು. ಪೂಜಾರಿ ಮಹಾಲಿಂಗಪ್ಪ ನಿನ್ನನ್ನು ಎತ್ತಿ ನಿಲ್ಲಿಸಿ ಭಂಡಾರ ಹಾರಿಸಿದ. ಕೊರಳಿಗೆ ಮಾಲೆ, ತಲೆಗೆ ಪಟಗ. ನನ್ನ ಸೋದರಮಾವನೇ ಅಂದನಂತೆ: "ಖರೇನ ದೊಡ್ಡ ಮನಷ್ಯಾ. ತಪ್ಪ ಒಪ್ಪಕೊಳ್ಳಾಕ ಎಷ್ಟ ಮಂದಿಗೆ ಧೈರ್ಯ ಇರತೈತಿ?" ನಿನ್ನ ಹೆಂಡತಿ ತಾರವ್ವ ವೈನಿ ಹೆಣ್ಣುಮಕ್ಕಳ ಸಾಲಿನಲ್ಲಿ ಸೆರಗು ಮುಚ್ಚಿಕೊಂಡು ಕೂತಿದ್ದರಂತೆ. ಅವರ ಗೋಳು ನೋಡಿಯೂ ಜನ ಅತ್ತರಂತೆ.

ನನ್ನ ದವಡೆ ಮುರಿದದ್ದಕ್ಕೆ ನಿನಗೆ ಮಾಲೆ! ನಾನು ಸಿದ್ಧಮಾಡಿದ ಜಾಗದಲ್ಲಿ ನಿನ್ನ ಸನ್ಮಾನ ಮಾಡಿಕೊಂಡೆ. ಊರಿನವರಲ್ಲಿ ಐದಾರು ಜನರನ್ನು ಸಾಕ್ಷಿ ಹೇಳಿ ಎಂದು ಭಾಗ್ಯಾ ಕೇಳಿದಳು. ಎಲ್ಲರದೂ ಒಂದೇ ಮಾತು: "ದೇವರ ಮುಂದ ಮುಗದ ಮಾತವ್ವಾ. ಕೋರ್ಟಿಗ್ಯಾಕ ಒಯ್ಯತಿ?"

ಒಯ್ಯುತ್ತೇನೆ. ದೇವರ ಮುಂದೆ ಹೇಳಿದ್ದನ್ನು ನ್ಯಾಯಾಧೀಶರ ಮುಂದೆ ಹೇಳು. ಅಲ್ಲಿ ಯಾರೂ ಪಟಗ ಸುತ್ತುವುದಿಲ್ಲ.

ಪಾಂಡಪ್ಪ


ಬಾಡಗಂಡಿ
24 ಜೂನ್ 2023

ಪಾಂಡಪ್ಪ,

ನೀನು ಕೇಳಿದ್ದು ಗುಡಿ, ನಾನು ಬಂದದ್ದು ಗುಡಿಗೆ. ಒಂದು ತಿಂಗಳು ಹಿಂದೆ ಮುಂದೆ ಆದರೆ ದೇವರು ಬದಲಾಗುತ್ತಾನೆಯೇ? ನಿಮ್ಮೂರಿನ ಹಿರಿಯರೇ ನನ್ನನ್ನು ಕ್ಷಮಿಸಿದ ಮೇಲೆ ನೀನೊಬ್ಬ ಹಟ ಹಿಡಿದರೆ ಜನ ನಿನಗೇ ಛೀ ಅನ್ನುತ್ತಾರೆ.

ಕೋರ್ಟಿನ ಮಾತು ಬೇರೆ. ಅಲ್ಲಿ ತಾರೀಖು ಕೇಳುತ್ತಾರೆ, ವೇಳೆ ಕೇಳುತ್ತಾರೆ. ನನಗೆ ಒಂದೂ ನೆನಪಿಲ್ಲ. ನೆನಪಿಲ್ಲದ್ದನ್ನು ಪ್ರಮಾಣ ಮಾಡಿ ಹೇಳುವುದು ಪಾಪ. ಗುಡಿಯಲ್ಲಿ ಹೇಳಿದ್ದು ಭಕ್ತಿಯ ಮಾತು, ದುಃಖದಲ್ಲಿ ಒಂದಕ್ಕೆರಡು ಹೇಳಿರಬಹುದು.

ಗುಡಿಯಿಂದ ಬಂದಾಗಿನಿಂದ ತಾರವ್ವನಿಗೂ ಆರಾಮಿಲ್ಲ. ಹಳೆಯ ದುಃಖ ಎದ್ದಿದೆ. ತುಬಚಿಯಲ್ಲಿರುವ ಅವಳ ತಮ್ಮನ ಮನೆಗೆ ಕಳಿಸಿದ್ದೇನೆ. ನಾಲ್ಕು ದಿನ ಹೊಳೆಯ ಗಾಳಿಗೆ ಇದ್ದು ಬರಲಿ. ಇದಕ್ಕೆಲ್ಲ ನೀನೇ ಕಾರಣ ಎಂದು ನಾನು ಅನ್ನುವುದಿಲ್ಲ. ನನ್ನ ಮನಸ್ಸು ದೊಡ್ಡದು.

ಪರಸಪ್ಪ


ರನ್ನ ಬೆಳಗಲಿ
9 ಅಕ್ಟೋಬರ್ 2023

ಪರಸಪ್ಪ,

ತಂತಿ ಬಿಚ್ಚಿದ್ದಾರೆ. ಬಾಯಿ ಮೊದಲಿಗಿಂತ ಒಂದು ಬೆರಳು ಹೆಚ್ಚು ತೆರೆಯುತ್ತದೆ. ಅದರಲ್ಲಿ ಮೊದಲು ಆಡಿದ ಪೂರ್ತಿ ಮಾತು ನಿನ್ನ ಹೆಸರು, ವಕೀಲರ ಕಚೇರಿಯಲ್ಲಿ. ಫೆಬ್ರುವರಿಗೆ ಸಾಕ್ಷಿ ಹೇಳಲು ನಿನಗೆ ಸಮನ್ಸ್ ಬರುತ್ತದೆ. ಸಂಘದ ಕಚೇರಿಗೇ ಬರುವಂತೆ ವಿಳಾಸ ಕೊಟ್ಟಿದ್ದೇನೆ. ಎಲ್ಲರ ಎದುರು ಸಹಿ ಹಾಕಿ ತೆಗೆದುಕೋ.

ಪಾಂಡಪ್ಪ


ಬಾಡಗಂಡಿ
18 ಜನವರಿ 2024

ಪಾಂಡಪ್ಪ,

ಸಮನ್ಸ್ ಬಂತು. ಸಂಘದ ಹುಡುಗರ ಮುಂದೆ ನನ್ನನ್ನು ಕಳ್ಳನನ್ನಾಗಿ ಮಾಡಿದೆ. ಸಮಾಧಾನವಾಯಿತೇ?

ನಾನು ಬರುವುದಿಲ್ಲ. ರಕ್ತದ ಒತ್ತಡ ಹೆಚ್ಚಾಗಿದೆ, ಪ್ರಯಾಣ ಮಾಡಬಾರದೆಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ಬೆಂಗಳೂರಿಗೆ ಕಳಿಸಿದ್ದೇನೆ. ಸಾಕ್ಷಿ ಇಲ್ಲದ ದಾವೆ ಎಷ್ಟು ದಿನ ನಿಲ್ಲುತ್ತದೆ ನೋಡೋಣ.

ಒಂದು ಮಾತು. ತಾರವ್ವ ಇನ್ನೂ ತುಬಚಿಯಿಂದ ಬಂದಿಲ್ಲ. ಫೋನ್ ಎತ್ತುವುದಿಲ್ಲ. ಅವಳ ತಮ್ಮ ಈರಪ್ಪನನ್ನು ಕೇಳಿದರೆ, "ಅಕ್ಕಾ ಜಮಖಂಡಿಗೆ ಹೋಗ್ಯಾಳ್ರಿ" ಅನ್ನುತ್ತಾನೆ. ಒಂದು ಸಲವಲ್ಲ, ಮೂರು ನಾಲ್ಕು ಸಲ ಹಾಗೇ ಅಂದ. ದವಾಖಾನೆಗೆ ತೋರಿಸುತ್ತಿದ್ದಾಳೆ ಎಂದು ಕಾಣುತ್ತದೆ. ನಿನ್ನ ಮಗಳು ಆ ಕಡೆ ಓಡಾಡುತ್ತಾಳಲ್ಲ, ಎಲ್ಲಾದರೂ ಕಂಡರೆ ಮನೆಗೆ ಬರಲು ಹೇಳೆನ್ನು. ನಮ್ಮಿಬ್ಬರ ಜಗಳದಲ್ಲಿ ಹೆಣ್ಣುಮಕ್ಕಳು ಬೇಡ.

ಪರಸಪ್ಪ


ರನ್ನ ಬೆಳಗಲಿ
14 ಏಪ್ರಿಲ್ 2024

ಪರಸಪ್ಪನವರಿಗೆ,

ನಿಮ್ಮ ಜನವರಿಯ ಕಾಗದಕ್ಕೆ ಬೇಕೆಂದೇ ಉತ್ತರ ಬರೆಯಲಿಲ್ಲ. ಆಗಲೇ ಬರೆದಿದ್ದರೆ ನೀವು ತುಬಚಿಗೆ ಓಡುತ್ತಿದ್ದಿರಿ. ಮತ್ತೆ 'ನೀವು' ಎಂದು ಬರೆಯುತ್ತಿರುವುದು ವೈನಿಯ ಮುಖ ನೋಡಿ, ನಿಮ್ಮದಲ್ಲ.

ತಾರವ್ವ ವೈನಿ ಜಮಖಂಡಿಯಲ್ಲಿ ಹೋಗುತ್ತಿದ್ದದ್ದು ದವಾಖಾನೆಗಲ್ಲ, ನನ್ನ ವಕೀಲರ ಕಚೇರಿಗೆ. ನಾನು ಕರೆದಿರಲಿಲ್ಲ. ನವೆಂಬರಿನಲ್ಲಿ ಒಂದು ದಿನ ತಾವೇ ಬಂದು ಬೆಂಚಿನ ಮೇಲೆ ಕೂತು, "ಪಾಂಡಪ್ಪನ ಕೇಸ್ ಇಲ್ಲೇ ಐತೇನ್ರಿ?" ಎಂದು ಕೇಳಿದರಂತೆ. ಸಂಧ್ಯಾ ಮೇಡಂ ನನಗೆ ತಿಳಿಸಿದಾಗ, ಇದೂ ನಿಮ್ಮದೇ ಆಟ ಎಂದುಕೊಂಡೆ. ನನ್ನ ವಕೀಲರು ಏನು ಮಾಡುತ್ತಿದ್ದಾರೆಂದು ತಿಳಿಯಲು ಹೆಂಡತಿಯನ್ನು ಕಳಿಸಿದ್ದಾನೆ, ಹತ್ತಿರ ಬಿಡಬೇಡಿ ಎಂದು ಹೇಳಿದೆ. ಅವರು ಮತ್ತೆ ಬಂದರು. ಮತ್ತೂ ಬಂದರು. ಕೊನೆಗೆ ನಾನು ಒಪ್ಪಿದೆ.

ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನೀವಿರಲಿಲ್ಲ. ಅಲ್ಲಿ ಏನಾಯಿತೆಂದು ನಿಮಗೆ ಯಾರೂ ಪೂರ್ತಿ ಹೇಳಿರಲಾರರು. ಅದಕ್ಕಾಗಿ ಈ ಕಾಗದ.

ಪ್ರಮಾಣ ಮಾಡಿದ ಮೇಲೆ ಅವರು ಹೀಗೆ ಹೇಳಿದರು: "ಅವತ್ತ ಮುಂಜಾನೆ ಈ ಪಾಂಡಪ್ಪ ವರ್ದಿ ಹಾಕ್ಕೊಂಡ ನಮ್ಮ ಕ್ವಾರ್ಟರ್ಸ್ ಮುಂದ ಬಂದಿದ್ದಾರೀ. 'ಸಾಹೇಬ್ರ, ರೇಷನ್ನಿಗೆ ನನ್ನ ಹಾಕ್ಯಾರ್ರಿ' ಅಂದಾ. ನನ್ನ ಗಂಡ 'ಹಿಂದ ಹತ್ತಿ ಕುಂದ್ರು' ಅಂದ್ರು. ಅವಗ ರಜಾ ಇದ್ದಿಲ್ಲ. ಅಂವಾ ಏನೂ ಬೇಡಿಲ್ಲ."

ಸರ್ಕಾರದ ವಕೀಲರು ಕೇಳಿದರು, ಇಷ್ಟು ವರ್ಷದ ಹಿಂದಿನ ಒಂದು ಬೆಳಗಿನ ಮಾತು ನಿಮಗೆ ಹೇಗೆ ನೆನಪಿದೆ ಎಂದು.

ನನ್ನ ಸಾಕ್ಷಿ ಇಲ್ಲಿಗೆ ಮುಗಿಯಿತು ಎಂದು ನಾನು ಕುರ್ಚಿಯ ಕೈ ಹಿಡಿದುಕೊಂಡೆ. ವೈನಿ ತಲೆಯ ಸೆರಗು ಹಿಂದಕ್ಕೆ ಸರಿಸಿ ಹೇಳಿದರು:

"ನನಗ ಏಳು ತಿಂಗಳಾಗಿತ್ರಿ. ನಸುಕಿನಾಗ ಹೊಟ್ಟಿನೋವು ಚಾಲೂ ಆತು. 'ಹೆಂಗೂ ಗಾಡಿ ಹೊಂಟೈತಿ, ನನ್ನ ದವಾಖಾನಿ ಮುಂದ ಇಳಸಿ ಹೋಗ್ರಿ' ಅಂತ ಕೈ ಮುಗದ್ನಿ. 'ಗಾಡಿ ಸರ್ಕಾರದ್ದೈತಿ. ಹೇಣತಿನ್ನ ಕುಂದ್ರಿಸ್ಕೊಂಡ ತಿರಗಾಕ ಕೊಟ್ಟಿಲ್ಲ' ಅಂದ್ರು. ಖರೇ ಅಂತ ತಿಳಕೊಂಡ್ನಿ. ಡ್ಯೂಟಿ ಅಂದ್ರ ಡ್ಯೂಟಿ. ಸಂಜೀಮಟಾ ಹಾದಿ ಕಾದ್ನಿ. ಕತ್ತಲಾದಮ್ಯಾಲ ಬಾಜೂ ಮನಿಯಾಕಿ ರಿಕ್ಷಾದಾಗ ಒಯ್ದಳು. ಅಷ್ಟರಾಗ ಎಲ್ಲಾ ಮುಗದಿತ್ತು. ಇಷ್ಟ ವರ್ಷ ನಾ ಯಾರಿಗೂ ಬೈದಿಲ್ರಿ. ಗಂಡ ದೇಶದ ಕೆಲಸದ ಮ್ಯಾಲಿದ್ದ, ಅಂವಾರ ಏನ ಮಾಡ್ಯಾನು ಅಂತ ನನಗ ನಾನ ಹೇಳಿಕೊಂಡ್ನಿ. ಗುಡಿಯಾಗ ಅವರ ಬಾಯಿಲೆ ಕೇಳಿದ್ನಿ, ಮಧ್ಯಾಹ್ನದಿಂದ ಸಂಜೀತನಕ ಧಾಬಾದಾಗ ಕುಂತಿದ್ರಂತ. ದವಾಖಾನಿ ಆ ಧಾಬಾದ ಹಾದ್ಯಾಗ ಇತ್ರಿ ಸಾಹೇಬ್ರ. ಮುಂಜಾನೆ ನಮ್ಮ ಗಾಡಿ ಅದರ ಗೇಟ್ ಮುಂದಿಂದನ ಹೋಗಿತ್ತು."

ಗೇಟಿನ ಮುಂದಿನಿಂದ ಹೋದದ್ದು ನನಗೆ ಗೊತ್ತು. ನಾನು ಹಿಂದೆ ಕೂತಿದ್ದೆ. ಆದರೆ ಎಂಜಿನ್ನಿನ ಸದ್ದಿನಲ್ಲಿ ಅವರು ಕೈ ಮುಗಿದು ಬೇಡಿಕೊಂಡದ್ದು ನನಗೆ ಕೇಳಿಸಿರಲಿಲ್ಲ.

ಆ ಗುಡಿಯ ದಿನ ನೀವು ಗೆದ್ದಿರೆಂದು ನಾನು ಆಸ್ಪತ್ರೆಯ ಗೋಡೆಗೆ ಕೈ ಗುದ್ದಿಕೊಂಡಿದ್ದೆ. ನೀವು ಗೆದ್ದಿರೆಂದೇ ನೀವೂ ತಿಳಿದಿರಿ. ಸೆರಗು ಮುಚ್ಚಿಕೊಂಡು ಕೂತವರು ದುಃಖಕ್ಕೆ ಅಳುತ್ತಿದ್ದಾರೆಂದು ಇಡೀ ಊರು ತಿಳಿಯಿತು.

ತೀರ್ಪು ಹೋದ ವಾರ ಬಂತು. ನನ್ನ ದವಡೆಯ ಗಾಯ ಕರ್ತವ್ಯದಲ್ಲಿದ್ದಾಗಲೇ ಆದದ್ದೆಂದು ಒಪ್ಪಿದ್ದಾರೆ, ನಿವೃತ್ತಿಯಾದಂದಿನಿಂದ ಪಿಂಚಣಿ ಕೊಡಬೇಕೆಂದಿದ್ದಾರೆ. ನೀವು ಟೈಪ್ ಮಾಡಿಸಿದ ಹೇಳಿಕೆ ಸುಳ್ಳೆಂದು ನಿಮ್ಮ ಹೆಸರು ಹಾಕಿಯೇ ಬರೆದಿದ್ದಾರೆ. ಅದರ ಪ್ರತಿಯೊಂದನ್ನು ಸಂಘಕ್ಕೆ, ಇನ್ನೊಂದನ್ನು ಕಾರ್ಖಾನೆಗೆ, ಮತ್ತೊಂದನ್ನು ನಮ್ಮೂರ ಪೂಜಾರಿ ಮಹಾಲಿಂಗಪ್ಪನಿಗೆ ನಾನೇ ಅಂಚೆಗೆ ಹಾಕಿದ್ದೇನೆ. ಅದರಲ್ಲಿ ನನಗೆ ಏನೇನೂ ಕನಿಕರವಿಲ್ಲ.

ಒಂದು ಮಾತು ಮಾತ್ರ ಬಾಕಿ. ವಿಚಾರಣೆ ಮುಗಿಸಿ ಬರುವಾಗ ಬಸ್ ನಿಲ್ದಾಣದಲ್ಲಿ ಲಗಮವ್ವ, ಭಾಗ್ಯಾ, ನಾನು, ವೈನಿ ಚಹಾ ಕುಡಿಯುತ್ತಿದ್ದೆವು. ಅವರು ತುಬಚಿಯಲ್ಲೇ ಉಳಿಯುತ್ತಾರಂತೆ, ಬಾಡಗಂಡಿಗೆ ಬರುವುದಿಲ್ಲವಂತೆ. ನೀವು ಕರೆಯಲು ಹೋದರೆ ಈರಪ್ಪ ಬಾಗಿಲು ತೆಗೆಯುವುದಿಲ್ಲ. ಇದನ್ನು ನಿಮಗೆ ತಿಳಿಸಲು ಅವರೇ ಹೇಳಿದರು.

ಅವತ್ತು ಹೋದದ್ದು ಹೆಣ್ಣು ಕೂಸಂತೆ. ಅವರು ಅದಕ್ಕೆ ಆಗಲೇ ಹೆಸರು ಇಟ್ಟಿದ್ದರಂತೆ. ನೀವು ಒಂದು ದಿನವೂ ಕೇಳಲಿಲ್ಲವಂತೆ. ಆ ಹೆಸರನ್ನು ಅವರು ನಮ್ಮ ಮೂವರಿಗೂ ಹೇಳಿದರು. ನಿಮಗೆ ಹೇಳಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ.

ಪಾಂಡಪ್ಪ